ದಪ್ಪ ಚಕ್ರ ಎತ್ತಬೇಡಿ, ಮೀಟಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ವಾಹನದ ಪುಟವನ್ನ ನಾನು ತಪ್ಪದೆ ಓದ್ತೀನಿ. ಮೊನ್ನೆ ಅದ್ರಲ್ಲಿ ಪಂಕ್ಚರ್ ಆದಾಗ ಟೈರ್ ಬದಲಿಸೋದು ಹೇಗೆ ಅಂತ ಬರೆದಿದ್ರಿ, ಚಿಕ್ಕ ಕಾರು ಇರೋರಿಗೆ ಅದು ಸರಿಯಾಗೇ ಇತ್ತು, ಆದ್ರೆ ಅಲ್ಲಿ "ಸ್ಟೆಪ್ನಿ ಎತ್ತಿ ಸ್ಟಡ್ ಮೇಲೆ ಕೂರಿಸಿ" ಅಂತ ಒಂದು ಮಾತು ಬಂತಲ್ಲ (ಸ್ಟಡ್ ಅಂದ್ರೆ ಚಕ್ರದ ನಟ್ಟು ಕೂರೋ, ಹೊರಕ್ಕೆ ಚಾಚಿದ ಬೋಲ್ಟು), ಅದನ್ನ ಓದಿ ನನಗೆ ಸುಮ್ನೆ ಇರೋಕೆ ಆಗ್ಲಿಲ್ಲ. ಫೋರ್ ವೀಲ್ ಡ್ರೈವ್ ಗಾಡಿ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡಬಹುದಾದ ಗಾಡಿ) ಇಟ್ಕೊಂಡಿರೋ ಯಾರಾದ್ರೂ ಇದನ್ನ ನಂಬಿ ಎತ್ತೋಕೆ ಹೋದ್ರೆ ಸೊಂಟ ಹಿಡ್ಕೊಳ್ಳತ್ತೆ, ಇಲ್ಲಾ ಬೆರಳು ಹೋಗತ್ತೆ. ಚಿಕ್ಕ ಕಾರಿನ ಚಕ್ರ ರಿಮ್ ಸಮೇತ 12ರಿಂದ 16 ಕೆಜಿ ಇರತ್ತೆ. ನನ್ನ ಗಾಡಿದು ತೂಕದ ಮೇಲೆ ಇಟ್ಟು ನೋಡಿದೀನಿ, 34 ಕೆಜಿ. ಇನ್ನೂ ದೊಡ್ಡ ಮಡ್ ಟೈರ್ ಹಾಕಿದ್ರೆ 45 ದಾಟತ್ತೆ. ಅಷ್ಟು ಭಾರವನ್ನ ಕೂತ್ಕೊಂಡು, ಮೈಯಿಂದ ದೂರ ಕೈ ಚಾಚಿ, ಐದಾರು ತೂತನ್ನ ಐದಾರು ಸ್ಟಡ್‌ಗೆ ಸರಿಯಾಗಿ ಹೊಂದಿಸಿ ಹಿಡಿಯೋದು ಅಂದ್ರೆ ಪೈಲ್ವಾನರ ಕೈಲೂ ಸುಲಭಕ್ಕೆ ಆಗೋ ಕೆಲಸ ಅಲ್ಲ.

ಇದಕ್ಕೆ ಬಲ ಬೇಕಾಗಿಲ್ಲ, ಒಂದು ಸಲಿಕೆ ಸಾಕು. ಮಣ್ಣು ತೆಗೆಯೋ ಉದ್ದ ಹಿಡಿಯ ಸಲಿಕೆ ಇದ್ರೆ ಒಳ್ಳೇದು, ಹಾರೆ ಆದ್ರೂ ನಡೆಯತ್ತೆ. ಜಾಕನ್ನ ಜಾಸ್ತಿ ಏರಿಸಬಾರದು, ತುಂಬಾ ಜನ ತಪ್ಪೋದೇ ಇಲ್ಲಿ. ಗಾಳಿ ತುಂಬಿದ ಸ್ಟೆಪ್ನಿ ನೆಲದ ಮೇಲೆ ನಿಂತಾಗ ಅದರ ನಡುವಿನ ತೂತು ಎಷ್ಟು ಎತ್ತರಕ್ಕೆ ಬರತ್ತೋ ಅದಕ್ಕಿಂತ ಹಬ್ (ಗಾಡಿ ಕಡೆ ಸ್ಟಡ್‌ಗಳಿರೋ ನಡುವಿನ ಭಾಗ) ಒಂದು ಬೆರಳು ಅಗಲದಷ್ಟು ಮೇಲೆ ಇದ್ರೆ ಸಾಕು. ಹಬ್ ಕೈಯಲ್ಲಿ ತಿರುಗೋ ಹಾಗಿದ್ರೆ ಒಂದು ಸ್ಟಡ್ ನೇರ ಮೇಲಕ್ಕೆ, ಗಡಿಯಾರದ 12ರ ಜಾಗಕ್ಕೆ ತನ್ನಿ, ಬ್ರೇಕೋ ಗೇರೋ ಹಿಡಿದು ತಿರುಗದೇ ಇದ್ರೆ ಎಲ್ಲಕ್ಕಿಂತ ಮೇಲಿರೋ ಸ್ಟಡ್ಡನ್ನೇ ಲೆಕ್ಕಕ್ಕೆ ತಗೊಳ್ಳಿ. ಚಕ್ರವನ್ನ ಉರುಳಿಸ್ಕೊಂಡು ಬಂದು ಎದುರಿಗೆ ನಿಲ್ಸಿ, ಅದರ ಒಂದು ತೂತು ಆ ಸ್ಟಡ್ಡಿನ ನೇರಕ್ಕೆ ಬರೋ ಹಾಗೆ ನೋಡ್ಕೊಳ್ಳಿ. ಈಗ ಸಲಿಕೆಯ ಬಾಯನ್ನ ಟೈರ್ ಅಡಿಗೆ ತೂರಿಸಿ, ಬಾಯಿಗೆ ಹತ್ರದಲ್ಲೇ ಹಿಡಿ ಕೆಳಗೆ ಒಂದು ಕಲ್ಲೋ ಮರದ ತುಂಡೋ ಇಟ್ಟು, ಹಿಡಿಯ ತುದಿ ಒತ್ತಿ. ಕಲ್ಲಿಂದ ಟೈರ್‌ವರೆಗೆ 15 ಸೆಂ.ಮೀ., ಕಲ್ಲಿಂದ ನಿಮ್ಮ ಕೈವರೆಗೆ 90 ಸೆಂ.ಮೀ. ಇದ್ರೆ 34 ಕೆಜಿ ಭಾರ ನಿಮ್ಮ ಕೈಗೆ ಆರು ಕೆಜಿಯಷ್ಟೂ ಬರಲ್ಲ. ಒಂದು ಕೈ ಹಿಡಿ ಒತ್ತತ್ತೆ, ಇನ್ನೊಂದು ಕೈ ಟೈರ್ ನೆತ್ತಿ ಮೇಲಿದ್ದು ಚಕ್ರವನ್ನ ಒಳಕ್ಕೆ ತಳ್ಳತ್ತೆ. ಮೇಲಿನ ತೂತು ಮೇಲಿನ ಸ್ಟಡ್‌ಗೆ ಸಿಕ್ಕಿದ ತಕ್ಷಣ ಚಕ್ರ ಅದ್ರ ಮೇಲೆ ನೇತು ಬೀಳತ್ತೆ, ಆಗ ಆ ಸ್ಟಡ್‌ಗೆ ಕೈಯಲ್ಲೇ ಒಂದು ನಟ್ಟು ತಿರುಗಿಸಿ ಬಿಡಿ, ಅಲ್ಲಿಗೆ ಕಷ್ಟದ ಕೆಲಸ ಮುಗೀತು. ಬಿಚ್ಚುವಾಗ ಇದೇ ಲೆಕ್ಕ ತಲೆಕೆಳಗೆ: ಮೇಲಿನ ನಟ್ಟನ್ನ ಕೊನೆಗೆ ತೆಗೀಬೇಕು, ಅದನ್ನ ತೆಗೆಯೋ ಮೊದಲು ಸಲಿಕೆ ಅಡಿಗೆ ಕೊಟ್ಟಿರಬೇಕು.

ಸಲಿಕೆ ಇಲ್ದೇ ಇದ್ರೆ ಕಾಲು ಇದೆ. ನೆಲದ ಮೇಲೆ ಚಕ್ರದ ಎದುರಿಗೆ ಕೂತು ಎರಡೂ ಬೂಟಿನ ತುದಿಯನ್ನ ಟೈರ್ ಅಡಿಗೆ ಕೊಟ್ಟು, ಹಿಮ್ಮಡಿ ನೆಲಕ್ಕೆ ಊರಿ, ಬೆರಳ ಕಡೆ ಎತ್ತಿದ್ರೆ ಚಕ್ರ ಬೇಕಾದಷ್ಟು ಏಳತ್ತೆ, ಕೈ ಬರೀ ದಾರಿ ತೋರ್ಸೋಕೆ. ಕಾಲು ಮಾತ್ರ ಗಾಡಿ ಅಡಿಗೆ ಹೋಗ್ಬಾರದು, ಟೈರ್ ಹೊರಗಿನ ಅಂಚಿನಲ್ಲೇ ಇರ್ಬೇಕು. ಯಾವ ಕಾರಣಕ್ಕೂ ಬೆರಳನ್ನ ರಿಮ್ಮಿಗೂ ಬ್ರೇಕ್ ಡ್ರಮ್ಮಿಗೂ ನಡುವೆ ಹಾಕ್ಬೇಡಿ, ಟೈರನ್ನ ಹೊರಗಿಂದ ಅಪ್ಪಿ ಹಿಡೀರಿ.

ಈಗ ನಾನು ಈ ಪತ್ರ ಬರೆಯೋಕೆ ನಿಜವಾದ ಕಾರಣ ಹೇಳ್ತೀನಿ, ಅದು ಹ್ಯಾಂಡ್ ಬ್ರೇಕ್ ವಿಷಯ. ಎಷ್ಟೋ ವರ್ಷದ ಹಿಂದೆ ಕತ್ತಲಾಗೋ ಹೊತ್ತಲ್ಲಿ ನನ್ನ ಹಳೇ ಗಾಡಿಯ ಎಡ ಹಿಂದಿನ ಚಕ್ರ ಪಂಕ್ಚರ್ ಆಯ್ತು. ರಸ್ತೆ ಸ್ವಲ್ಪ ಇಳಿಜಾರು, ಕಣ್ಣಿಗೆ ಕಾಣೋ ಅಷ್ಟೂ ಇರ್ಲಿಲ್ಲ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿದ್ದೆ, ಗೇರ್ ಫಸ್ಟ್‌ನಲ್ಲಿ ಹಾಕಿದ್ದೆ, ಇನ್ನೇನು ಬೇಕು ಅನ್ಕೊಂಡು ಕಲ್ಲು ಕೊಡದೆ ಜಾಕ್ ಏರಿಸಿದೆ. ಚಕ್ರ ನೆಲ ಬಿಡ್ತು. ನಟ್ಟು ಬಿಚ್ಚೋಕೆ ಅಂತ ಕೈ ಹಾಕ್ತೀನಿ, ಎತ್ತಿದ ಚಕ್ರ ತನ್ನಷ್ಟಕ್ಕೆ ತಾನು ನಿಧಾನಕ್ಕೆ ಹಿಂದಕ್ಕೆ ತಿರುಗ್ತಾ ಇದೆ. ನನಗೆ ಅರ್ಥ ಆಗ್ಲಿಲ್ಲ. ಹಿಂದಕ್ಕೆ ಯಾಕೆ ತಿರುಗತ್ತೆ ಅಂತ ನೋಡ್ತಾ ಇದ್ದ ಹಾಗೇ ಗಾಡಿ ಮುಂದಕ್ಕೆ ವಾಲಿ, ಜಾಕ್ ಓರೆಯಾಗಿ, ಧಡ್ ಅಂತ ಕೆಳಗೆ ಬಿತ್ತು. ಚಕ್ರ ಇನ್ನೂ ಬಿಚ್ಚಿರ್ಲಿಲ್ಲ, ಕೈ ಹೊರಗಿತ್ತು, ಹಾಗಾಗಿ ಇವತ್ತು ಈ ಪತ್ರ ಬರೀತಾ ಇದೀನಿ.

ಆಮೇಲೆ ತಿಳ್ಕೊಂಡಿದ್ದು ಇದು. ಹಳೇ ಜೀಪು, ಹಳೇ ಲ್ಯಾಂಡ್ ರೋವರ್ ತರದ ಎಷ್ಟೋ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಇರೋದು ಚಕ್ರದಲ್ಲಿ ಅಲ್ಲ, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನ ಮುಂದಿನ ಹಿಂದಿನ ಚಕ್ರಗಳಿಗೆ ಹಂಚೋ ಗೇರ್ ಪೆಟ್ಟಿಗೆ) ಹಿಂದೆ ಪ್ರೊಪೆಲ್ಲರ್ ಶಾಫ್ಟ್ (ಆ ಶಕ್ತಿಯನ್ನ ಚಕ್ರಗಳ ಕಡೆಗೆ ಒಯ್ಯೋ ಉದ್ದ ಕಂಬಿ) ಶುರುವಾಗೋ ಜಾಗದಲ್ಲಿ. ಅದು ಶಾಫ್ಟನ್ನ ಹಿಡಿಯತ್ತೆ, ಚಕ್ರವನ್ನ ಹಿಡಿಯಲ್ಲ. ಗೇರಲ್ಲಿ ನಿಲ್ಸಿದ್ರೂ ಅಷ್ಟೇ, ಹಿಡಿದಿರೋದು ಶಾಫ್ಟೇ. ಶಾಫ್ಟಿಗೂ ಚಕ್ರಕ್ಕೂ ನಡುವೆ ಡಿಫರೆನ್ಷಿಯಲ್ ಇದೆ, ಅದರ ಗುಣ ಏನು ಅಂದ್ರೆ ಶಾಫ್ಟ್ ನಿಂತಿದ್ರೂ ಒಂದು ಚಕ್ರ ಮುಂದಕ್ಕೆ ತಿರುಗಿದ್ರೆ ಇನ್ನೊಂದು ಹಿಂದಕ್ಕೆ ತಿರುಗೋಕೆ ಬಿಡತ್ತೆ. ಎರಡೂ ಚಕ್ರ ನೆಲದ ಮೇಲಿದ್ದಾಗ ಹಾಗೆ ಆಗೋಕೆ ಸಾಧ್ಯ ಇಲ್ಲ, ಅದಕ್ಕೇ ಗಾಡಿ ನಿಲ್ಲತ್ತೆ. ಒಂದು ಹಿಂದಿನ ಚಕ್ರ ಎತ್ತಿದ್ರೋ, ಬ್ರೇಕ್ ಇದ್ದೂ ಇಲ್ಲದ ಹಾಗೆ. ನೆಲದ ಮೇಲಿರೋ ಬಲ ಚಕ್ರ ಮುಂದಕ್ಕೆ ಉರುಳತ್ತೆ, ಎತ್ತಿದ ಎಡ ಚಕ್ರ ಹಿಂದಕ್ಕೆ. ನಾನು ಕಣ್ಣಾರೆ ನೋಡಿದ್ದು ಅದೇ.

ಹೊಸ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಕ್ಕೇ ಇರತ್ತೆ, ಅಲ್ಲಿ ಇಷ್ಟು ಅಪಾಯ ಇಲ್ಲ ಅಂತ ಧೈರ್ಯವಾಗಿ ಇರೋ ಹಾಗೂ ಇಲ್ಲ. ಟ್ರಾನ್ಸ್‌ಫರ್ ಕೇಸ್ ಲಿವರ್ ನ್ಯೂಟ್ರಲ್‌ನಲ್ಲಿ ಉಳಿದುಬಿಟ್ಟಿದ್ರೆ ಆಟೊಮ್ಯಾಟಿಕ್ ಗಾಡಿಯನ್ನ ಪಾರ್ಕಿಗೆ ಹಾಕಿದ್ರೂ ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಇರಲ್ಲ, ಹ್ಯಾಂಡ್ ಬ್ರೇಕ್ ಸರಿಯಾಗಿ ಹಿಡೀದೇ ಇದ್ರೆ ಗಾಡಿ ಉರುಳತ್ತೆ. ಆದ್ದರಿಂದ ಯಾವ ಗಾಡಿ ಆದ್ರೂ ಕೈಗೆ ಪಾನಾ ತಗೊಳ್ಳೋಕೆ ಮೊದಲು ನೆಲದ ಮೇಲೇ ಇರೋ, ಕರ್ಣದ ಕಡೆಯ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಕಲ್ಲೋ ದಿಮ್ಮಿಯೋ ಒದ್ದು ಕೂರಿಸಿ, ಅಂದ್ರೆ ಎಡ ಹಿಂದಿಂದು ಎತ್ತೋದಾದ್ರೆ ಬಲ ಮುಂದಿಂದಕ್ಕೆ. ಕೈಯಲ್ಲಿ ಹಾಕೋ ಫ್ರೀ ವೀಲಿಂಗ್ ಹಬ್ (ಮುಂದಿನ ಚಕ್ರವನ್ನ ಶಾಫ್ಟಿಗೆ ಸೇರಿಸೋ, ಬಿಡಿಸೋ ಗುಂಡಿ) ಇದ್ರೆ ಲಾಕ್ ಮಾಡಿ, 4 ಲೋಗೆ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡೋ ನಿಧಾನದ ಗೇರಿಗೆ) ಹಾಕಿ, ಫಸ್ಟ್ ಗೇರಲ್ಲಿ ಬಿಡಿ, ಆಗ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಕಟ್ಟಿ ಹಾಕಿದ ಹಾಗೆ ಆಗತ್ತೆ, ಒಂದು ಚಕ್ರ ಎತ್ತಿದ್ರೂ ಇನ್ನೊಂದು ಆಕ್ಸಲ್ (ಎಡ ಬಲ ಚಕ್ರ ಜೋಡಿಸಿರೋ ಅಡ್ಡ ಅಚ್ಚು) ಹಿಡ್ಕೊಂಡಿರತ್ತೆ. ಮುಂದಿನ ಹಿಂದಿನ ಶಾಫ್ಟಿಗೂ ನಡುವೆ ಸೆಂಟರ್ ಡಿಫರೆನ್ಷಿಯಲ್ ಇರೋ ಗಾಡಿ ಆದ್ರೆ ಅದನ್ನೂ ಲಾಕ್ ಮಾಡ್ಬೇಕು, ಇಲ್ದಿದ್ರೆ ಈ ಉಪಾಯ ನಡೆಯಲ್ಲ. ಇದೆಲ್ಲಾ ಮಾಡಿದ್ರೂ ಕಲ್ಲು ಕೊಡೋದು ಬಿಡಬಾರದು. ಬಿಚ್ಚಿದ ಚಕ್ರವನ್ನ ಪಕ್ಕಕ್ಕೆ ಎಸೀಬೇಡಿ, ಚಾಸಿ (ಗಾಡಿಯ ತಳದ ಉಕ್ಕಿನ ಚೌಕಟ್ಟು) ಅಡಿಗೆ ಮಲಗಿಸಿ ತಳ್ಳಿ ಇಡಿ, ಜಾಕ್ ಜಾರಿದ್ರೂ ಗಾಡಿ ಅದ್ರ ಮೇಲೆ ಕೂರತ್ತೆ. ರಿಮ್ ಗೀರಾಗತ್ತೆ ಅಂತ ಒಬ್ರು ನನ್ನ ಹತ್ರ ಬೇಜಾರು ಮಾಡ್ಕೊಂಡಿದ್ರು, ರಿಮ್ ಗೀರಾಗ್ಲಿ ಬಿಡಿ.

ಜಾಕ್ ಎಲ್ಲಿಡ್ಬೇಕು ಅನ್ನೋದೂ ಕಾರಿನ ತರ ಅಲ್ಲ. ಎತ್ತರದ ಗಾಡಿಯ ಸ್ಪ್ರಿಂಗ್ ತುಂಬಾ ಇಳಿಯತ್ತೆ, ಚಾಸಿಗೆ ಜಾಕ್ ಕೊಟ್ಟು ಎತ್ತಿದ್ರೆ ಬಾಡಿ ಮೇಲೆ ಮೇಲೆ ಹೋಗ್ತಾನೇ ಇರತ್ತೆ ಚಕ್ರ ಮಾತ್ರ ನೆಲಕ್ಕೆ ಅಂಟ್ಕೊಂಡೇ ಇರತ್ತೆ, ಅಷ್ಟು ಎತ್ತರ ಹೋದ ಗಾಡಿ ಅಲ್ಲಾಡೋದೂ ಜಾಸ್ತಿ. ಹಿಂದೆ ಗಟ್ಟಿ ಆಕ್ಸಲ್ ಇದ್ರೆ ಬಾಟಲ್ ಜಾಕನ್ನ ಆಕ್ಸಲ್ ಕೊಳವೆ ಅಡಿಗೇ, ಚಕ್ರದ ಹತ್ರ ಇಟ್ರೆ ನಾಲ್ಕು ಬೆರಳು ಎತ್ತರಕ್ಕೆ ಕೆಲಸ ಆಗೋಗತ್ತೆ. ಮುಂದಿನ ಚಕ್ರಕ್ಕೆ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಎಲ್ಲಿ ತೋರಿಸಿದಾರೋ ಅಲ್ಲೇ ಕೊಡಿ, ಅಂದಾಜಿಗೆ ಬೇಡ. ಮಣ್ಣಿದ್ರೆ ಜಾಕ್ ಅಡಿಗೆ ದಪ್ಪ ಹಲಗೆ ಬೇಕೇ ಬೇಕು, ಜಾಕಿನ ಪಾದ ಅಂಗೈಯಷ್ಟೇ ಇರತ್ತೆ, ಒಂದು ಮೂಲೆಯ ಭಾರವೆಲ್ಲ ಅದ್ರ ಮೇಲೆ ಬಂದ್ರೆ ಮಣ್ಣೊಳಗೆ ಹೂತೋಗತ್ತೆ.

ಇಷ್ಟೆಲ್ಲ ಯಾರೂ ರಸ್ತೆ ಬದೀಲಿ, ಕತ್ತಲಲ್ಲಿ, ಮಳೇಲಿ ನಿಂತು ಕಲಿಯೋಕೆ ಆಗಲ್ಲ. ನಾನು ನಿಮ್ಮ ಓದುಗರಿಗೆ ಕೈ ಮುಗಿದು ಕೇಳೋದು ಇಷ್ಟೇ, ಟೈರ್ ರೊಟೇಷನ್ನನ್ನ (ಸವೆತ ಸಮ ಆಗ್ಲಿ ಅಂತ ಚಕ್ರಗಳ ಜಾಗ ಅದಲು ಬದಲು ಮಾಡೋದನ್ನ) ಒಂದು ಸಲನಾದ್ರೂ ಮನೆ ಮುಂದೆ ಸಮತಟ್ಟಾದ ಜಾಗದಲ್ಲಿ, ಹಗಲು ಹೊತ್ತಲ್ಲಿ, ಗಾಡಿ ಜೊತೆ ಬಂದ ಜಾಕು ಪಾನಾದಲ್ಲೇ ನೀವೇ ಮಾಡಿ. ಹೇಗಿದ್ರೂ 8,000ದಿಂದ 10,000 ಕಿ.ಮೀ.ಗೆ ಒಂದ್ಸಲ ಮಾಡಿಸ್ಲೇಬೇಕಾದ ಕೆಲಸ ಅದು. ಜಾಕ್ ಕೂರೋ ಜಾಗ, ನಟ್ಟು ಎಷ್ಟು ಬಿಗಿ ಇದೆ, ಸ್ಟೆಪ್ನಿ ಇಳಿಸೋದು ಹೇಗೆ, ಅದ್ರಲ್ಲಿ ಗಾಳಿ ಇದ್ಯಾ ಅನ್ನೋದೆಲ್ಲಾ ಆವತ್ತೇ ಗೊತ್ತಾಗೋಗತ್ತೆ. ಗಾಡಿ ಅಡಿಗೆ ಸರಪಳಿಯಲ್ಲಿ ನೇತಾಡೋ ಸ್ಟೆಪ್ನಿ ಆದ್ರಂತೂ ಆ ಸರಪಳಿ ಇಳಿಸೋ ಯಂತ್ರ ಕೆಸರು ನೀರು ಕುಡಿದು ತುಕ್ಕು ಹಿಡಿದು ಕೂತಿರತ್ತೆ, ಪಂಕ್ಚರ್ ಆದ ದಿನ ಅದು ತಿರುಗದೇ ಹೋದ್ರೆ ಸ್ಟೆಪ್ನಿ ಇದ್ದೂ ಇಲ್ಲದ ಹಾಗೇ.

ರೊಟೇಷನ್ನಿಗೆ ಎರಡು ಜಾಕ್ ಬೇಕು, ಸ್ಟ್ಯಾಂಡ್ ಬೇಕು, ನಮ್ಮ ಕೈಲಿ ಆಗಲ್ಲ ಅಂತಾರೆ. ಸ್ಟೆಪ್ನಿಯನ್ನೂ ಸೇರಿಸಿ ಐದು ಚಕ್ರ ಸುತ್ತಿಸಿದ್ರೆ ಒಂದೇ ಜಾಕ್ ಸಾಕು, ಯಾವ ಹೊತ್ತಲ್ಲೂ ಒಂದಕ್ಕಿಂತ ಹೆಚ್ಚು ಚಕ್ರ ನೆಲ ಬಿಟ್ಟಿರಲ್ಲ. ಮೊದಲು ಬಲ ಹಿಂದಿಂದು ಬಿಚ್ಚಿ ಅಲ್ಲಿಗೆ ಸ್ಟೆಪ್ನಿ ಹಾಕಿ. ಬಿಚ್ಚಿದ್ದನ್ನ ಹಾಗೇ ಉರುಳಿಸ್ಕೊಂಡು ಬಲ ಮುಂದಕ್ಕೆ ಬನ್ನಿ, ಅಲ್ಲಿಂದು ಬಿಚ್ಚಿ ಇದನ್ನ ಹಾಕಿ. ಅಲ್ಲಿ ಬಿಚ್ಚಿದ್ದು ಅಡ್ಡ ದಾಟಿ ಎಡ ಹಿಂದಕ್ಕೆ ಹೋಗತ್ತೆ, ಎಡ ಹಿಂದಿಂದು ಎಡ ಮುಂದಕ್ಕೆ, ಕೊನೆಗೆ ಕೈಯಲ್ಲಿ ಉಳಿಯೋ ಎಡ ಮುಂದಿಂದು ಸ್ಟೆಪ್ನಿ ಜಾಗಕ್ಕೆ. ನಾಲ್ಕು ಮೂಲೆ, ನಾಲ್ಕೇ ಸಲ ಜಾಕ್. ಕಲ್ಲು ಮಾತ್ರ ಪ್ರತಿ ಸಲ ಕರ್ಣದ ಚಕ್ರಕ್ಕೆ ಬದಲಾಯಿಸ್ತಾ ಹೋಗ್ಬೇಕು. ಬಿಚ್ಚೋಕೆ ಮೊದಲು ಪ್ರತಿ ಟೈರ್ ಮೇಲೂ ಸೀಮೆಸುಣ್ಣದಲ್ಲಿ ಎಲ್ಲಿತ್ತು ಅಂತ ಬರೆದಿಡಿ, ಮಧ್ಯದಲ್ಲಿ ಯಾರಾದ್ರೂ ಮಾತಾಡಿಸಿದ್ರೆ ಲೆಕ್ಕ ತಪ್ಪೋಗತ್ತೆ. ಟೈರ್ ಪಕ್ಕದಲ್ಲಿ ತಿರುಗೋ ದಿಕ್ಕಿನ ಬಾಣ ಇದ್ರೆ ಅಡ್ಡ ದಾಟಿಸೋ ಹಾಗಿಲ್ಲ, ಅದೇ ಪಕ್ಕದಲ್ಲಿ ಹಿಂದೆ ಮುಂದೆ ಅಷ್ಟೇ. ಸ್ಟೆಪ್ನಿ ಸಣ್ಣದಿದ್ರೆ, ಬೇರೆ ತರದ್ದಿದ್ರೆ ಅದನ್ನ ಈ ಸುತ್ತಿಗೆ ಸೇರಿಸ್ಲೇಬೇಡಿ.

ಸುತ್ತಿಸೋದು ಯಾಕೆ ಅಂದ್ರೆ, ಮುಂದಿನ ಟೈರ್ ತಿರುವಲ್ಲಿ ಅಂಚು ಸವೀತವೆ, ಹಿಂದಿನವು ಎಳೆದೂ ಎಳೆದೂ ನಡುವೆ ಸವೀತವೆ, ದಪ್ಪ ಬಟನ್ (ನೆಲಕ್ಕೆ ತಾಗೋ ರಬ್ಬರ್ ಉಬ್ಬು) ಇರೋ ಟೈರಲ್ಲಿ ಪ್ರತಿ ಬಟನ್ನಿನ ಒಂದು ಕಡೆ ಮಾತ್ರ ಸವೆದು ಗುಂಯ್ ಅನ್ನೋ ಸದ್ದು ಶುರುವಾಗತ್ತೆ, ಅಡ್ಡ ದಾಟಿಸಿದ್ರೆ ಟೈರ್ ತಿರುಗೋ ದಿಕ್ಕು ಬದಲಾಗಿ ಸವೆತ ಸರಿ ಹೋಗತ್ತೆ. ಇದು ಎಲ್ಲಾ ಗಾಡಿಗೂ ಇರೋದೇ. ಫೋರ್ ವೀಲ್ ಡ್ರೈವಿಗೆ ಇನ್ನೊಂದು ದೊಡ್ಡ ಕಾರಣ ಇದೆ. ಮುಂದಿನ ಟೈರಿಗೂ ಹಿಂದಿನ ಟೈರಿಗೂ ಸವೆತದಲ್ಲಿ 3 ಮಿ.ಮೀ. ವ್ಯತ್ಯಾಸ ಇದೆ ಅನ್ಕೊಳ್ಳಿ, ನೋಡೋಕೆ ಏನೂ ಅಲ್ಲ. ಒಂದು ಸುತ್ತಿಗೆ 19 ಮಿ.ಮೀ. ವ್ಯತ್ಯಾಸ ಆಗತ್ತೆ. 76 ಸೆಂ.ಮೀ. ಎತ್ತರದ ಟೈರ್ ಒಂದು ಕಿ.ಮೀ.ಗೆ ಸುಮಾರು 420 ಸುತ್ತು ಸುತ್ತತ್ತೆ, ಅಲ್ಲಿಗೆ ಕಿ.ಮೀ.ಗೆ ಸುಮಾರು 8 ಮೀಟರ್. ಮುಂದೆ ಹಿಂದೆ ಎರಡೂ ಆಕ್ಸಲ್ ಕಟ್ಟಿ ಹಾಕಿದಾಗ ಆ 8 ಮೀಟರನ್ನ ಯಾರೋ ಒಬ್ರು ನುಂಗ್ಬೇಕು. ಕೆಸರಲ್ಲಿ, ಮರಳಲ್ಲಿ ಟೈರ್ ಜಾರಿ ನುಂಗ್ಕೊಳ್ಳತ್ತೆ. ಗಟ್ಟಿ ರಸ್ತೇಲಿ ಶಾಫ್ಟು, ಟ್ರಾನ್ಸ್‌ಫರ್ ಕೇಸ್ ಒಳಗಿನ ಚೈನು, ಗೇರು ನುಂಗ್ಬೇಕು. ಯಾವಾಗ್ಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಗಾಡಿ ಆದ್ರೆ ನಡುವಿನ ಡಿಫರೆನ್ಷಿಯಲ್ಲೋ ಕ್ಲಚ್ಚೋ ದಿನವಿಡೀ ಆ ವ್ಯತ್ಯಾಸ ಸರಿದೂಗಿಸ್ತಾ ಬಿಸಿಯಾಗ್ತಾ ಇರತ್ತೆ. ಎರಡು ಟೈರ್ ಮಾತ್ರ ಹೊಸದು ಹಾಕಿ ಸಾಕು ಅಂತ ಸಲಹೆ ಕೊಡೋರು ಇದನ್ನ ಯೋಚನೆ ಮಾಡಲ್ಲ.

ಐದನ್ನೂ ಸುತ್ತಿಸಿದ್ರೆ ಕಾಸಿಗೂ ಲಾಭ ಇದೆ, ನಾಲ್ಕು ಟೈರ್ 50,000 ಕಿ.ಮೀ. ಬರೋದಾದ್ರೆ ಐದೂ ಸೇರಿ 62,500 ಬರತ್ತೆ. ಸ್ಟೆಪ್ನಿ ಬಳಸದೇ ಇಟ್ರೂ ರಬ್ಬರಿಗೆ ವಯಸ್ಸಾಗತ್ತೆ ಅನ್ನೋದು ಮರೀಬೇಡಿ, ಟೈರ್ ಪಕ್ಕದಲ್ಲಿ ಕೊನೆಗೆ ನಾಲ್ಕು ಅಂಕಿ ಇರತ್ತೆ, 2319 ಅಂದ್ರೆ 2019ರ 23ನೇ ವಾರ ಮಾಡಿದ್ದು. ಆದ್ರೆ ಸ್ಟೆಪ್ನಿಯನ್ನ ಗಾಡಿ ಹೊಸದಿದ್ದಾಗಿಂದ್ಲೇ ಸೇರಿಸ್ಬೇಕು, ನಾಲ್ಕೂ ಅರ್ಧ ಸವೆದ ಮೇಲೆ ಹೊಸಾದೊಂದನ್ನ ನುಗ್ಗಿಸಿದ್ರೆ ಮೇಲೆ ಹೇಳಿದ ತೊಂದ್ರೆಯೇ ಬರತ್ತೆ.

ನಟ್ಟಿನ ಬಗ್ಗೆ ಒಂದು ಮಾತು ಹೇಳ್ದೆ ಮುಗಿಸೋ ಹಾಗಿಲ್ಲ. ಗಾಡಿ ಎತ್ತೋ ಮೊದಲೇ, ಚಕ್ರ ನೆಲದ ಮೇಲಿದ್ದಾಗ್ಲೇ ಎಲ್ಲಾ ನಟ್ಟು ಅರ್ಧ ಸುತ್ತು ಸಡಿಲ ಮಾಡ್ಕೊಳ್ಳಿ, ಜಾಕ್ ಮೇಲಿರೋ ಗಾಡಿಯನ್ನ ಪಾನಾ ಹಾಕಿ ಜಗ್ಗೋದು ಅಂದ್ರೆ ನೀವೇ ಬೀಳಿಸಿದ ಹಾಗೆ. ಬಿಗಿ ಮಾಡುವಾಗ ಎದುರು ಬದುರು ನಕ್ಷತ್ರದ ತರ ಹೋಗಿ, ಪಕ್ಕ ಪಕ್ಕದ್ದಲ್ಲ. ಪಾನಾ ಮೇಲೆ ನಿಂತು ತುಳಿಯೋ ಅಭ್ಯಾಸ ತುಂಬಾ ಕೆಟ್ಟದ್ದು. ಬಹಳ ಗಾಡಿಗಳಿಗೆ 100ರಿಂದ 140 ನ್ಯೂಟನ್ ಮೀಟರ್ (ತಿರುಗಿಸೋ ಬಲದ ಅಳತೆ) ಒಳಗೆ ಹೇಳಿರ್ತಾರೆ, ನಿಮ್ಮದಕ್ಕೆ ಎಷ್ಟು ಅಂತ ಪುಸ್ತಕ ನೋಡಿ. 120 ಅಂದ್ರೆ 40 ಸೆಂ.ಮೀ. ಪಾನಾದ ತುದಿಗೆ ಸುಮಾರು 30 ಕೆಜಿ ಒತ್ತಿದ ಹಾಗೆ. 75 ಕೆಜಿ ಮನುಷ್ಯ ಅದ್ರ ಮೇಲೆ ನಿಂತ್ರೆ 290 ದಾಟತ್ತೆ, ಸ್ಟಡ್ ಹಿಗ್ಗತ್ತೆ, ಮುಂದಿನ ಸಲ ಬಿಚ್ಚೋಕೆ ಹೋದಾಗ ತುಂಡಾಗತ್ತೆ. ಸ್ಟಡ್‌ಗೆ ಎಣ್ಣೆ ಗ್ರೀಸು ಹಚ್ಚಬೇಡಿ, ಜಾರಿಕೆ ಜಾಸ್ತಿಯಾಗಿ ಅದೇ ಬಲಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗತ್ತೆ. ಹಬ್ ಮುಖದ ಮೇಲಿನ ತುಕ್ಕು, ಮಣ್ಣನ್ನ ತಂತಿ ಬ್ರಷ್‌ನಲ್ಲಿ ಉಜ್ಜಿ, ಅಲ್ಲಿ ಒಂದು ಚೂರು ಮಣ್ಣು ಕೂತಿದ್ರೂ ಓಡ್ತಾ ಓಡ್ತಾ ಅದು ಪುಡಿಯಾಗಿ ನಟ್ಟು ಸಡಿಲ ಆಗತ್ತೆ. ಮುಂದೆ ಹಿಂದೆ ಬದಲಾಯಿಸಿದ ಮೇಲೆ ಗಾಳಿಯನ್ನೂ ಆಯಾ ಜಾಗಕ್ಕೆ ತಕ್ಕ ಹಾಗೆ ಸರಿ ಮಾಡ್ಬೇಕು. ಕೊನೆಗೆ 80ರಿಂದ 100 ಕಿ.ಮೀ. ಓಡಿಸಿದ ಮೇಲೆ ಎಲ್ಲಾ ನಟ್ಟನ್ನೂ ಮತ್ತೊಂದ್ಸಲ ಪಾನಾ ಹಾಕಿ ನೋಡ್ಬೇಕು.

ಹೋದ ವಾರ ಈ ಕೆಲಸವನ್ನ ನನ್ನ ಮಗಳು ಮಾಡಿದ್ಲು. ಅವಳ ತೂಕ 48 ಕೆಜಿ. ನಾನು ಪಕ್ಕದಲ್ಲಿ ನಿಂತಿದ್ದೆ, ಕೈ ಹಾಕ್ಲಿಲ್ಲ. ಮೊದಲನೇ ಚಕ್ರಕ್ಕೆ ಮುಕ್ಕಾಲು ಗಂಟೆ ಹಿಡೀತು, ಸಲಿಕೆ ಎರಡು ಸಲ ಜಾರ್ತು, ಕಲ್ಲನ್ನ ಇನ್ನೂ ಹತ್ರಕ್ಕೆ ಎಳ್ಕೋ ಅಂದೆ ಅಷ್ಟೇ. ಚಕ್ರ ಟಕ್ ಅಂತ ಸ್ಟಡ್ ಮೇಲೆ ಕೂತಾಗ ಅವಳು "ಅಪ್ಪಾ, ಇಷ್ಟೇನಾ?" ಅಂದ್ಲು. ನಾಲ್ಕನೇದು ಇಪ್ಪತ್ತು ನಿಮಿಷದಲ್ಲಿ ಮುಗೀತು. ಆವತ್ತಿಂದ ಒಬ್ಬಳೇ ದೂರ ಹೋಗ್ತೀನಿ ಅಂದ್ರೆ ನನಗೆ ಮೊದಲಿನ ಭಯ ಇಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಏನಪ್ಪಾ ಅಂದ್ರೆ, ಮುಂದಿನ ಸಲ ಇಂಥ ಲೇಖನ ಹಾಕುವಾಗ ದೊಡ್ಡ ಗಾಡಿಗಳಿಗೆ ಬೇರೆಯಾಗಿ ಬರೆಸಿ, ಎತ್ತಿ ಅನ್ನೋ ಕಡೆ ಮೀಟಿ ಅಂತ ಹಾಕಿ, ಹ್ಯಾಂಡ್ ಬ್ರೇಕ್ ಮೇಲೆ ನಂಬಿಕೆ ಇಡಬೇಡಿ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಹಾಕಿ, ಸಲಿಕೆ ಹಾಗೂ ಕಲ್ಲು ಎಲ್ಲಿಡ್ಬೇಕು ಅಂತ ಒಂದು ಚಿತ್ರ ಹಾಕಿ. ಗಾಡಿ ಮಾರೋರು ಕೀ ಕೊಡೋ ದಿನ ಸ್ಟಿರಿಯೊ ಹೇಗೆ ಹಾಕೋದು ಅಂತ ಅರ್ಧ ಗಂಟೆ ಹೇಳ್ಕೊಡ್ತಾರೆ, ಅದ್ರಲ್ಲಿ ಹತ್ತು ನಿಮಿಷ ಜಾಕ್ ತೆಗೆದು ಆಕ್ಸಲ್ ಅಡಿಗೆ ಇಟ್ಟು ತೋರಿಸ್ಲಿ ಅಂತ ನಿಮ್ಮ ಪತ್ರಿಕೆ ಮೂಲಕ ಅವರನ್ನೂ ಕೇಳ್ಕೋತೀನಿ.

ನಮ್ಮ ಗಾಡಿ ರೊಟೇಷನ್ ಆದ ಮೇಲೆ ಇವತ್ತಿಗೆ 90 ಕಿ.ಮೀ. ಓಡಿದೆ. ನಟ್ಟು ಇನ್ನೊಂದ್ಸಲ ನೋಡ್ಬೇಕು ಅಂತ ಮಗಳು ಪಾನಾ ಹಿಡ್ಕೊಂಡು ಹೊರಗೆ ಕರೀತಿದಾಳೆ, ಇಲ್ಲಿಗೆ ನಿಲ್ಲಿಸ್ತೀನಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ